ಗಿರಿರಾಜ, ಕಡಕನಾಥ, ನಾಟಿ: ಮೂರನ್ನೂ ಮರಿಯಿಂದ ಒಟ್ಟಿಗೆ ಸಾಕಿದ ಅನುಭವ

ನಮ್ಮದು ತುಮಕೂರು ಕಡೆಯ ಹಳ್ಳಿ. ಹಿತ್ತಲಲ್ಲಿ ನಾಲ್ಕೈದು ನಾಟಿ ಕೋಳಿ ಯಾವಾಗಲೂ ಇರುತ್ತಿದ್ದವು. ಹೋದ ವರ್ಷ ಬೇಗ ದಪ್ಪ ಆಗುವ ಗಿರಿರಾಜ ತಳಿಯ 20, ಕಪ್ಪು ಕೋಳಿ ಕಡಕನಾಥದ 10 ಮರಿ ತರಬೇಕು ಅಂದುಕೊಂಡಾಗ, ನಮ್ಮ ಕೆಂಪು ಹೇಂಟೆ ಕಾವಿಗೆ ಕೂತ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 21 ದಿನ ಎಣಿಸಿ, ಅದೇ ವಾರಕ್ಕೆ ಒಂದು ದಿನದ ಮರಿ ಬೇಕು ಅಂತ ಹ್ಯಾಚರಿಗೆ ಹೇಳಿಟ್ಟೆ. ತಳಿ ಬೇರೆ ಇದ್ದರೂ ಪರವಾಗಿಲ್ಲ, ವಯಸ್ಸು ಒಂದೇ ಇರಬೇಕು. ತಿಂಗಳು ದೊಡ್ಡದಾದ ಮರಿ ಚಿಕ್ಕದನ್ನು ರಕ್ತ ಬರುವ ಹಾಗೆ ಕುಕ್ಕುತ್ತದೆ.

ಕೊಟ್ಟಿಗೆಯ ಮೂಲೆಯಲ್ಲಿ ತಗಡಿನ ಹಾಳೆಯನ್ನು ದುಂಡಗೆ ಬಗ್ಗಿಸಿ ನಿಲ್ಲಿಸಿದೆ. ದುಂಡಗೇ ಇರಬೇಕು. ಮೂಲೆ ಸಿಕ್ಕರೆ ಮರಿಗಳು ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಒಳಗೆ ಬತ್ತದ ಹೊಟ್ಟು, ಮೊದಲ ಮೂರು ದಿನ ಅದರ ಮೇಲೆ ಪೇಪರ್, ಮೇಲೆ 60 ವ್ಯಾಟಿನ ಎರಡು ಬಲ್ಬು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾ ಬರಬೇಕು. ಆದರೆ ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡಿದರೆ ಬೇಗ ಗೊತ್ತಾಗುತ್ತದೆ. ಬಲ್ಬಿನ ಕೆಳಗೆ ಗುಂಪುಗೂಡಿ ಚೀಂವ್ ಚೀಂವ್ ಅಂತ ಒಂದೇ ಸಮ ಕೂಗಿದರೆ ಚಳಿ. ತಗಡಿಗೆ ಒತ್ತಿಕೊಂಡು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲ ಕಡೆ ಹರಡಿಕೊಂಡು ಮೆಲ್ಲಗೆ ಗುಸುಗುಸು ಅನ್ನುತ್ತಿದ್ದರೆ ನೀವೂ ಹೋಗಿ ಮಲಗಬಹುದು. ಕರೆಂಟು ಹೋದ ರಾತ್ರಿ ಬಾಟ್ಲಿಗಳಿಗೆ ಬಿಸಿನೀರು ತುಂಬಿ, ಗೋಣಿಚೀಲದಲ್ಲಿ ಸುತ್ತಿ ನಡುವೆ ಇಟ್ಟೆ.

ಹೇಂಟೆಗೆ ಏಳು ಮರಿ ಆಗಿದ್ದವು. ಆರು ಕಡಕನಾಥ ಮರಿಯನ್ನೂ ಅದಕ್ಕೇ ಬಿಡೋಣ ಅಂತ ಬೆಳಗ್ಗೆಯೇ ಎತ್ತಿಕೊಂಡು ಹೊರಟೆ. ನಮ್ಮತ್ತೆ ತಡೆದರು. "ಈಗ ಬೇಡ ಕಣಮ್ಮ, ಕುಕ್ಕಿ ಓಡಿಸ್ತದೆ. ಕತ್ತಲಾಗ್ಲಿ." ರಾತ್ರಿ ದೀಪ ಆರಿಸಿ, ಮಂಕರಿ ಸ್ವಲ್ಪ ಎತ್ತಿ, ಒಂದೊಂದೇ ಮರಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೋಗಿ ರೆಕ್ಕೆ ಕೆಳಗೆ ತೂರಿಸಿದೆವು. ಹೇಂಟೆ ಗುರ್ರ್ ಅಂತ ಒಂದು ಸಲ ಮೈ ಉಬ್ಬಿಸಿ ಸುಮ್ಮನಾಯಿತು. ಬೆಳಗ್ಗೆ ನೋಡಿದರೆ ಹದಿಮೂರನ್ನೂ ಕರೆದುಕೊಂಡು ತಿಪ್ಪೆ ಕೆದಕುತ್ತಿತ್ತು, ಕಪ್ಪು ಮರಿ ಬೇರೆ, ಕಂದು ಮರಿ ಬೇರೆ ಅಂತ ಅದಕ್ಕೆ ಇರಲೇ ಇಲ್ಲ. ಆ ಆರು ಮರಿಗೆ ಬಲ್ಬು ಬೇಕಾಗಲಿಲ್ಲ. ಹದ್ದು ಬಂದಾಗ ಅಡಗುವುದನ್ನೂ ಅವು ಬಲ್ಬಿನ ಕೆಳಗಿದ್ದವಕ್ಕಿಂತ ಮೊದಲೇ ಕಲಿತವು.

ಲಸಿಕೆ ಮಾತ್ರ ತಪ್ಪಿಸಬೇಡಿ. ಏಳನೇ ದಿನ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಕಣ್ಣಿಗೆ ಒಂದು ಹನಿ ಲಸೋಟಾ ಲಸಿಕೆ, 14ನೇ ದಿನ ಗುಂಬೋರೊ ರೋಗದ ಲಸಿಕೆ, 28ಕ್ಕೆ ಮತ್ತೆ ಲಸೋಟಾ ಹಾಕಿಸಿದೆ. ಬಾಟ್ಲಿಯಲ್ಲಿ 100 ಕೋಳಿಗಾಗುವಷ್ಟು ಬರುತ್ತದೆ, ಕಲಸಿದ ಮೇಲೆ ಹೆಚ್ಚು ಹೊತ್ತು ಇಡುವ ಹಾಗಿಲ್ಲ. ಅದಕ್ಕೇ ಫ್ಲಾಸ್ಕಿನಲ್ಲಿ ಐಸ್ ಹಾಕಿ ತಂದು, ಅಕ್ಕಪಕ್ಕದ ಮನೆಯವರ ಮರಿಗಳಿಗೂ ಅವತ್ತೇ ಹಾಕಿದೆವು.

ನಾಲ್ಕನೇ ವಾರ ಜಡಿಮಳೆ ಹಿಡಿಯಿತು. ಇರಚಲು ಹೊಡೆದು ಹೊಟ್ಟು ಒದ್ದೆಯಾಗಿದ್ದನ್ನು ಎರಡು ದಿನ ಹಾಗೇ ಬಿಟ್ಟೆ. ಮೂರನೇ ದಿನ ಹಿಕ್ಕೆಯಲ್ಲಿ ರಕ್ತ, ಮರಿಗಳು ರೆಕ್ಕೆ ಜೋತುಬಿಟ್ಟು ಕಣ್ಣು ಮುಚ್ಚಿ ನಿಂತಿದ್ದವು. ರಕ್ತಭೇದಿ. ಪಶುವೈದ್ಯರು ನೀರಿಗೆ ಬೆರೆಸಲು ಆಂಪ್ರೋಲಿಯಂ ಕೊಟ್ಟರು, ಅಷ್ಟರಲ್ಲಿ ನಾಲ್ಕು ಗಿರಿರಾಜ ಹೋಗಿದ್ದವು. ಆಮೇಲಿಂದ ದಿನಾ ಹೊಟ್ಟು ಕೆದಕುತ್ತೇನೆ. ಹಿಡಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಿದರೆ ಆ ಜಾಗದ್ದನ್ನು ತೆಗೆದು ಒಣಗಿದ್ದು ಹಾಕುತ್ತೇನೆ.

ಎರಡು ತಿಂಗಳಿಗೆ ಗಿರಿರಾಜ ಉಳಿದವಕ್ಕಿಂತ ದುಪ್ಪಟ್ಟು ದಪ್ಪ ಆದವು. ಮೇವು ಹಾಕಿದ ತಕ್ಷಣ ನುಗ್ಗಿ ಬಟ್ಟಲನ್ನೇ ಆಕ್ರಮಿಸುತ್ತಿದ್ದವು, ನಾಟಿ ಮರಿಗಳು ಹಿಂದೆ ನಿಂತು ನೋಡುತ್ತಿದ್ದವು. ಇನ್ನೂ ಎರಡು ಕಡೆ ಬಟ್ಟಲು ಇಟ್ಟರೂ ಉಪಯೋಗ ಆಗಲಿಲ್ಲ. ಕೊನೆಗೆ ಬಿದಿರು ತಟ್ಟಿಯಿಂದ ಒಂದು ಮೂಲೆ ಅಡ್ಡಗಟ್ಟಿ, ಚಿಕ್ಕವು ಮಾತ್ರ ನುಸುಳುವಷ್ಟು ಕಿಂಡಿ ಬಿಟ್ಟು, ಒಳಗೆ ಅಕ್ಕಿ ನುಚ್ಚು, ಒಡೆದ ಮೆಕ್ಕೆಜೋಳ, ಮರಿ ಫೀಡು ಇಟ್ಟೆ. ವಾರದಲ್ಲೇ ಮೈ ತುಂಬಿಕೊಂಡವು. ರಾತ್ರಿ ಕೂರೋದೂ ಬೇರೆ ಬೇರೆ. ನಾಟಿ, ಕಡಕನಾಥ ಜಂತೆಗೆ ಹಾರುತ್ತವೆ. ಗಿರಿರಾಜ ಭಾರ ಜಾಸ್ತಿ, ಎತ್ತರದಿಂದ ಧುಮುಕಿದರೆ ಕಾಲಿಗೆ ಏಟಾಗುತ್ತದೆ. ಅವಕ್ಕೆ ಮೊಣಕಾಲೆತ್ತರದಲ್ಲಿ ಅಗಲವಾದ ಹಲಗೆ ಹಾಕಿದ್ದೇನೆ.

ಆರನೇ ತಿಂಗಳಿಗೆ ಗಿರಿರಾಜ ಮೊಟ್ಟೆ ಶುರು ಮಾಡಿದವು, ಕಂದು ಬಣ್ಣದ ದೊಡ್ಡ ಮೊಟ್ಟೆ. ಆದರೆ ಅವು ಇಟ್ಟು ಎದ್ದು ಹೋಗುತ್ತವೆ, ಕಾವಿಗೆ ಕೂರುವುದಿಲ್ಲ. ಹಾಗಾಗಿ ಅವುಗಳ ಐದು ಮೊಟ್ಟೆಯನ್ನು ನಾಟಿ ಮೊಟ್ಟೆಗಳ ಜೊತೆ ಅದೇ ಕೆಂಪು ಹೇಂಟೆಗೆ ಇಟ್ಟಿದ್ದೇನೆ. ಇವತ್ತಿಗೆ ಒಂಬತ್ತು ದಿನ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆವು, ಗಿರಿರಾಜದ ನಾಲ್ಕರಲ್ಲಿ ಕೆಂಪು ನರ ಹರಡಿದ್ದು ಕಾಣುತ್ತಿತ್ತು, ಅಂದರೆ ಒಳಗೆ ಮರಿ ಬೆಳೆಯುತ್ತಿದೆ.