ಎಡಕ್ಕೆ ಅಂದರೆ ಯಾವ ಕಡೆ?

ಹಿಂದಿನಿಂದ "ಆನ್ ಯುವರ್ ಲೆಫ್ಟ್!" ಅಂತ ಕೂಗು ಕೇಳಿಸಿತು. ಅಪ್ಪ ತಟ್ಟನೆ ಎಡಕ್ಕೆ ಸರಿದರು. ಸೈಕಲ್ಲೂ ಎಡಗಡೆಯಿಂದಲೇ ಬರುತ್ತಿತ್ತು.

ಸವಾರ ಬ್ರೇಕ್ ಹಿಡಿದ. ಹಿಂದಿನ ಚಕ್ರ ಜಾರಿ, ಒಣಹುಲ್ಲಿನ ಅಂಚಿಗೆ ಹೋಗಿ ಒಂದು ಕಾಲೂರಿ ನಿಂತ. ಅಪ್ಪನಿಗೂ ಅವನಿಗೂ ನಡುವೆ ಒಂದು ಮೊಳ ಜಾಗವಿತ್ತು, ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಪ್ಪನ ಕೈ ನಡುಗುತ್ತಿತ್ತು. ಅವನು ಸಾರಿ ಹೇಳಿ ಹೋದ ಮೇಲೆ ಅಪ್ಪ ಕೇಳಿದರು, "ಏನೋ ಅವನು ಕೂಗಿದ್ದು?"

"ನಿಮ್ಮ ಎಡಗಡೆಯಿಂದ ದಾಟ್ತೀನಿ ಅಂತ ಅಪ್ಪ."

"ಎಡಕ್ಕೆ ಹೋಗಿ ಅಂದ ಅಂದ್ಕೊಂಡೆ. ನಮ್ಮಲ್ಲಿ ಗಾಡಿ ಬಂದ್ರೆ ಎಡಕ್ಕೇ ತಾನೇ ಸರಿಯೋದು?"

ಹೌದಲ್ವಾ. ಎಪ್ಪತ್ತು ವರ್ಷ ಸಾಗರದ ರಸ್ತೆಗಳಲ್ಲಿ ನಡೆದ ಮನುಷ್ಯ. ಗಾಡಿ ಬಲಗಡೆಯಿಂದ ದಾಟುತ್ತದೆ, ನಾವು ಎಡಕ್ಕೆ ಸರಿಯುತ್ತೇವೆ. ಅಮೆರಿಕದಲ್ಲಿ ಎಲ್ಲವೂ ಕನ್ನಡಿಯೊಳಗಿನ ಹಾಗೆ ತಿರುಗುಮುರುಗು. ಆ ಕ್ಷಣದಲ್ಲಿ ಅಪ್ಪನಿಗೆ ಕೇಳಿಸಿದ್ದು ಒಂದೇ ಪದ, ಲೆಫ್ಟ್.

ನನಗೆ ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ಹಿಂದಿನ ಶನಿವಾರ ಅದೇ ಗುಡ್ಡದಲ್ಲಿ, ಅದೇ ಥರ ಕೂಗುತ್ತಾ, ಅಷ್ಟೇ ಜೋರಾಗಿ ನಾನೂ ಸೈಕಲ್‌ನಲ್ಲಿ ಇಳಿದಿದ್ದೆ.

ಜಾಗದ ಹೆಸರು ಫ್ರೀಮಾಂಟ್ ಓಲ್ಡರ್. ಒಂದು ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪತ್ರಿಕಾ ಸಂಪಾದಕರಾಗಿದ್ದವರೊಬ್ಬರ ಹೆಸರು ಅದು. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿರುವ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಹಂಟರ್ಸ್ ಪಾಯಿಂಟ್ ಅನ್ನುವ ದಿಬ್ಬ ಹತ್ತಿದರೆ ಇಡೀ ಸಿಲಿಕಾನ್ ಕಣಿವೆ ಕಾಣುತ್ತದೆ. ಇಲ್ಲಿ ನಡೆಯುವವರು, ಸೈಕಲ್‌ನವರು, ಕುದುರೆಯವರು, ನಾಯಿ ಹಿಡಿದವರು, ಎಲ್ಲರಿಗೂ ಒಂದೇ ಹಾದಿ. ಭಾನುವಾರ ಬೆಳಗ್ಗೆ ಹೋದರೆ ನಾಲ್ಕು ಜನರಲ್ಲಿ ಒಬ್ಬರಾದರೂ ಕನ್ನಡವನ್ನೋ ತೆಲುಗನ್ನೋ ಮಾತಾಡುತ್ತಿರುತ್ತಾರೆ. ಊರಿಂದ ಬಂದ ಅಪ್ಪ ಅಮ್ಮಂದಿರು ಸ್ವೆಟರ್ ಹಾಕಿ, ಕೈ ಹಿಂದೆ ಕಟ್ಟಿಕೊಂಡು ನಿಧಾನಕ್ಕೆ ನಡೆಯುತ್ತಿರುತ್ತಾರೆ.

(ಮೌಂಟನ್ ಬೈಕ್ ತಗೊಂಡೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ಮೋಟಾರ್ ಬೈಕ್ ಅಂದುಕೊಂಡಿದ್ದರು. "ಸೈಕಲ್ ಅಮ್ಮಾ, ದಪ್ಪ ಚಕ್ರದ ಸೈಕಲ್" ಅಂದ ಮೇಲೆ ಸಮಾಧಾನವಾಯಿತು.)

ನಿಯಮ ಗೊತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ. ಗೇಟಿನಲ್ಲೇ ಹಳದಿ ತ್ರಿಕೋನದ ಬೋರ್ಡ್ ಇರುತ್ತದೆ. ಸೈಕಲ್‌ನವರು ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ಈ ಗುಡ್ಡವನ್ನು ನೋಡಿಕೊಳ್ಳುವುದು ಮಿಡ್‌ಪೆನಿನ್ಸುಲಾ ರೀಜನಲ್ ಓಪನ್ ಸ್ಪೇಸ್ ಡಿಸ್ಟ್ರಿಕ್ಟ್. 1972ರಲ್ಲಿ ಇಲ್ಲಿನ ಜನರೇ ಮತ ಹಾಕಿ ಕಟ್ಟಿಕೊಂಡ ಸಂಸ್ಥೆ. ಸೈಕಲ್‌ಗೆ ಅವರು ಇಟ್ಟಿರುವ ಮಿತಿ ಗಂಟೆಗೆ 15 ಮೈಲಿ, ಅಂದರೆ 24 ಕಿ.ಮೀ. ಯಾರನ್ನಾದರೂ ದಾಟುವಾಗ, ಮುಂದೆ ಕಾಣದ ತಿರುವಿನಲ್ಲಿ 5 ಮೈಲಿ, ಅಂದರೆ 8 ಕಿ.ಮೀ. ಹೆಲ್ಮೆಟ್ ಕಡ್ಡಾಯ. ರೇಂಜರ್‌ಗಳು ರಾಡಾರ್ ಹಿಡಿದು ನಿಲ್ಲುವುದೂ ಉಂಟು. ಇದೆಲ್ಲ ಗೊತ್ತಿತ್ತು. ಆದರೆ 8 ಕಿ.ಮೀ. ಅಂದರೆ ಎಷ್ಟು ನಿಧಾನ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ನಿಧಾನಕ್ಕೆ ಹೋಗ್ತಿದ್ದೀನಿ ಅಂತ ನನಗೆ ಅನ್ನಿಸುತ್ತಿದ್ದಾಗೆಲ್ಲ ಮೀಟರ್ 18, 20 ತೋರಿಸುತ್ತಿತ್ತು.

ಅಪ್ಪ ಅಮ್ಮ ಊರಿಗೆ ಹೊರಟ ಮೇಲೆ, ಒಂದು ಬುಧವಾರ ಸಂಜೆ, ಜನ ಇಲ್ಲದ ಹೊತ್ತಿನಲ್ಲಿ ಗೆಳೆಯನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಇಳಿಜಾರಿನ ಅಗಲ ದಾರಿ, ಒಣಮಣ್ಣು, ಮೇಲೆ ಸಣ್ಣ ಕಲ್ಲು. ನಾನು ಇಳಿಯುವುದು, ಅವನು ಯಾವಾಗಲೋ ಒಮ್ಮೆ ಸೀಟಿ ಊದುವುದು, ನಾನು ನಿಲ್ಲುವುದು. ಸೀಟಿ ಕೇಳಿದ ಜಾಗದಿಂದ ನಿಂತ ಜಾಗಕ್ಕೆ ಅವನು ಹೆಜ್ಜೆ ಎಣಿಸಿದ. 8 ಕಿ.ಮೀ. ವೇಗದಲ್ಲಿ 4 ಹೆಜ್ಜೆ. 24ರಲ್ಲಿ 17 ಹೆಜ್ಜೆ. 30ರಲ್ಲಿ 25 ದಾಟಿತು, ಜೊತೆಗೆ ಒಂದು ಸಲ ಬಿದ್ದೂ ಬಿದ್ದೆ. ಆಮೇಲೆ ಅಪ್ಪ ನಿಂತಿದ್ದ ತಿರುವಿಗೆ ಹೋಗಿ, ಆ ಕಡೆಯಿಂದ ಬರುವವರು ಎಷ್ಟು ದೂರಕ್ಕೆ ಕಾಣುತ್ತಾರೆ ಅಂತ ಎಣಿಸಿದೆವು. 11 ಹೆಜ್ಜೆ.

ಅಂದರೆ 24ರಲ್ಲಿ ಬಂದರೂ ಡಿಕ್ಕಿ ಖಚಿತ. ಎದುರಿನಿಂದ ಓಡುತ್ತಾ ಬರುವವರಿದ್ದರೆ ಅವರೂ ಅಷ್ಟರಲ್ಲಿ ನಾಲ್ಕೈದು ಹೆಜ್ಜೆ ಮುಂದೆ ಬಂದಿರುತ್ತಾರೆ. ಈಗ ನಾನು ಅನುಸರಿಸುವ ಲೆಕ್ಕ ಇಷ್ಟೇ: ಕಣ್ಣಿಗೆ ಕಾಣುವ ದೂರದ ಅರ್ಧದೊಳಗೆ ನಿಲ್ಲಲು ಆಗಬೇಕು. ಇನ್ನರ್ಧ ಎದುರು ಬರುವವರದ್ದು. ಬ್ರೇಕನ್ನು ತಿರುವಿಗೆ ಮೊದಲೇ ಹಿಡಿದು ಮುಗಿಸುತ್ತೇನೆ. ತಿರುವಿನೊಳಗೆ ಹಿಡಿದರೆ ಚಕ್ರ ಜಾರುತ್ತದೆ, ಹಾದಿಯ ಮಣ್ಣೂ ಕಿತ್ತು ಬರುತ್ತದೆ.

ಬೆಲ್ ಬಗ್ಗೆ ಜಾಸ್ತಿ ಹೇಳಬೇಕು. ಯಾಕೆಂದರೆ ನಾನು ಅತಿ ಹೆಚ್ಚು ತಪ್ಪು ಮಾಡಿದ್ದು ಅದರಲ್ಲೇ.

ನಮ್ಮೂರಲ್ಲಿ ಹಾರನ್, ಬೆಲ್ ಎಲ್ಲ ಮಾತಿನ ಹಾಗೆ. 'ನಾನು ಬಂದೆ' ಅನ್ನುವುದಕ್ಕೆ ಒಂದು ಸಲ, 'ನೀವು ಹೋಗಿ' ಅನ್ನುವುದಕ್ಕೆ ಎರಡು ಸಲ. ಲಾರಿ ಹಿಂದೆ ಸೌಂಡ್ ಹಾರನ್ ಅಂತ ಬರೆಸಿ ಕೇಳಿಕೊಂಡೇ ಇರುತ್ತಾರಲ್ಲ. ಇಲ್ಲಿ ಹಾರನ್ ಅಂದರೆ ಬೈಗುಳ. ಹಾಗಾಗಿ ಮೊದಲು ಬೆಲ್ಲೇ ಬೇಡ, ಬಾಯಲ್ಲೇ ಹೇಳೋಣ ಅಂತ ಇದ್ದೆ. ಬಾಯಲ್ಲಿ ಹೇಳಿದರೆ ಏನಾಗುತ್ತದೆ ಅಂತ ಅಪ್ಪನ ಕಡೆ ನಿಂತು ನೋಡಿಯಾಯಿತು. ಆಮೇಲೆ ಟ್ರಿಣ್ ಟ್ರಿಣ್ ಬೆಲ್ ಹಾಕಿಸಿದೆ. ಅದನ್ನು ಹತ್ತಿರ ಹೋದ ಮೇಲೆ ಬಾರಿಸುತ್ತಿದ್ದೆ. ಜನ ಬೆಚ್ಚಿ ಬೀಳುತ್ತಿದ್ದರು. ಇಬ್ಬರು ಜೊತೆಗೆ ನಡೆಯುತ್ತಿದ್ದರೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಹಾರುತ್ತಿದ್ದರು. ನಡುವೆ ನಾಯಿಯ ಹಗ್ಗ ಇದ್ದರಂತೂ ದಾರಿಗೆ ಅಡ್ಡ ಬೇಲಿ ಕಟ್ಟಿದ ಹಾಗೆ.

ಈಗ ಇರುವುದು ಬೇರೆ ಥರದ್ದು. ಹಸುವಿನ ಕೊರಳಗಂಟೆಯ ಹಾಗೆ, ಸೈಕಲ್ ಅಲುಗಿದಂತೆಲ್ಲ ತಾನೇ ಸದ್ದು ಮಾಡುತ್ತದೆ. ಬೇಡದಾಗ ಹಿಡಿಕೆಯ ಹತ್ತಿರದ ಸಣ್ಣ ಲಿವರ್ ಒತ್ತಿದರೆ ಸುಮ್ಮನಾಗುತ್ತದೆ. ಹತ್ತುವಾಗ ಒತ್ತಿಡುತ್ತೇನೆ, ಇಳಿಯುವಾಗ ಬಿಡುತ್ತೇನೆ. ಸಂಜೆ ಮೇದು ಕೊಟ್ಟಿಗೆಗೆ ಬರುವ ದನದ ಗಂಟೆ ಮೊದಲು ದೂರದಿಂದ ಸಣ್ಣಗೆ ಕೇಳಿ, ಆಮೇಲೆ ಹತ್ತಿರವಾಗುತ್ತದಲ್ಲ, ಹಾಗೆ. ನಡೆಯುವವರಿಗೆ ಹತ್ತು ಸೆಕೆಂಡಾದರೂ ಮೊದಲೇ ಗೊತ್ತಾಗಿರುತ್ತದೆ. ಮಾತು ನಿಲ್ಲಿಸಿ, ಮಗುವಿನ ಕೈ ಹಿಡಿದು, ಒಂದೇ ಕಡೆ ಸರಿದು ನಿಂತಿರುತ್ತಾರೆ. ಯಾವ ಕಡೆ ನಿಲ್ಲಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ. ನಾನು ಉಳಿದ ಕಡೆಯಿಂದ ಹೋಗುತ್ತೇನೆ. ಎಡ ಬಲದ ಮಾತೇ ಬೇಡ.

ಆದರೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಯಾವ ಗಂಟೆಯೂ ಕೇಳಿಸುವುದಿಲ್ಲ. ಮೊದಲು ಸಿಟ್ಟು ಬರುತ್ತಿತ್ತು. ಈಗ ನಡಿಗೆಯ ವೇಗಕ್ಕೆ ಇಳಿದು ಹಿಂದೆಯೇ ಹೋಗುತ್ತೇನೆ. ಅಗಲ ಜಾಗ ಬಂದ ಮೇಲೆ, ಅವರ ಕಣ್ಣಂಚಿಗೆ ಕಾಣುವಷ್ಟು ದೂರ ಬಿಟ್ಟು ದಾಟುತ್ತೇನೆ. ಅರ್ಧ ನಿಮಿಷ ಹೋಗುತ್ತದೆ, ಹೋಗಲಿ.

ಕಡಿದಾದ ಸಣ್ಣ ಹಾದಿಯಲ್ಲಿ 'ಸರಿಯಿರಿ' ಅನ್ನುವುದು ಸುಲಭ. ಆದರೆ ಎಲ್ಲಿಗೆ ಸರಿಯಬೇಕು? ಇಲ್ಲಿ ಹಾದಿಯ ಎರಡೂ ಅಂಚಿಗೆ ಪಾಯ್ಸನ್ ಓಕ್ ಬೆಳೆದಿರುತ್ತದೆ. ಮೂರು ಮೂರು ಎಲೆ. ತಾಗಿದರೆ ವಾರಗಟ್ಟಲೆ ತುರಿಕೆ, ಗುಳ್ಳೆ. ಮಲೆನಾಡಿನವರಿಗೆ ಹೇಳಬೇಕೆಂದರೆ, ನಮ್ಮ ಹೊಳಗೇರಿನ ನಂಟ. ಎರಡೂ ಗೇರಿನ ಕುಟುಂಬದವೇ. ವಸಂತದಲ್ಲಿ ಬಿಸಿಲು ಕಾಯಿಸಲು ರ‍್ಯಾಟಲ್ ಹಾವೂ ಹಾದಿಯಂಚಿಗೆ ಬರುತ್ತದೆ. ನನ್ನ ಸೈಕಲ್‌ಗೋಸ್ಕರ ಒಬ್ಬರು ಅಜ್ಜಿ ಆ ಪೊದೆಯೊಳಗೆ ಕಾಲಿಡಬೇಕೇ? ಇಂಥ ಕಡೆ ನಾನೇ ನಿಲ್ಲುತ್ತೇನೆ. ಕಾಲು ನೆಲಕ್ಕೆ ಊರಿ, ಸೈಕಲನ್ನು ನನ್ನ ಕಡೆಗೆ ವಾಲಿಸಿ, ಹ್ಯಾಂಡಲ್ ಒಳಗೆ ತಿರುಗಿಸಿ ಹಿಡಿಯುತ್ತೇನೆ. ಆ ಹ್ಯಾಂಡಲ್ ಸುಮಾರು ಮುಕ್ಕಾಲು ಮೀಟರ್ ಅಗಲ. ತಿರುಗಿಸದಿದ್ದರೆ ದಾಟುವವರ ಹೊಟ್ಟೆಗೆ ತಾಗುತ್ತದೆ.

ಸಣ್ಣ ಮಕ್ಕಳು ಕಂಡರೆ ಹಾದಿ ಎಷ್ಟೇ ಅಗಲವಿರಲಿ, ಪೂರ್ತಿ ನಿಲ್ಲುತ್ತೇನೆ. ಮಕ್ಕಳು ಆ ಕಡೆಯಿಂದ ಈ ಕಡೆ ಅಮ್ಮನ ಹತ್ತಿರ ಓಡುವುದು ಸೈಕಲ್ ಬಂದಾಗಲೇ.

ಕುದುರೆಯದ್ದು ಬೇರೆಯೇ ಪಾಠ. ಗುಡ್ಡದ ಪಕ್ಕದಲ್ಲೇ ಒಂದು ಲಾಯವಿದೆ. ಹೆಲ್ಮೆಟ್, ಕನ್ನಡಕ ಹಾಕಿ ಬಗ್ಗಿ ಕೂತು ಸದ್ದಿಲ್ಲದೆ ಬರುವ ಆಕಾರ ಮನುಷ್ಯ ಅಂತ ಕುದುರೆಗೆ ತಿಳಿಯುವುದಿಲ್ಲ. ದನಿ ಕೇಳಿದರೆ ತಿಳಿಯುತ್ತದೆ. ಹಾಗಾಗಿ ಸೈಕಲ್‌ನಿಂದ ಇಳಿಯಬೇಕು, ಗಂಟೆಯ ಸದ್ದು ನಿಲ್ಲಿಸಬೇಕು, ಆದಷ್ಟು ಇಳಿಜಾರಿನ ತಗ್ಗಿನ ಕಡೆ ನಿಲ್ಲಬೇಕು, ಮಾತಾಡಬೇಕು. ಬೆದರಿದ ಕುದುರೆ ಸಾಮಾನ್ಯವಾಗಿ ಮೇಲಕ್ಕೆ ಓಡುತ್ತದಂತೆ. ಎತ್ತರದಲ್ಲಿ ನಿಂತ ಪ್ರಾಣಿಯನ್ನು ಕಂಡರೆ ಬೇಟೆಗೆ ಹೊಂಚು ಹಾಕಿದೆ ಅನ್ನಿಸುತ್ತದಂತೆ. ಮೊದಲ ಸಲ ಏನು ಮಾತಾಡುವುದು ಅಂತ ತೋಚದೆ "ಬಾರೋ ರಾಜಾ, ಏನಿಲ್ಲ, ಹೋಗು ಹೋಗು" ಅಂದೆ, ಕೊಟ್ಟಿಗೆಯಲ್ಲಿ ಎತ್ತಿಗೆ ಹೇಳುವ ಹಾಗೆ. ಕುದುರೆ ಕಿವಿ ತಿರುಗಿಸಿ ನೋಡಿ, ಆರಾಮಾಗಿ ಹೋಯಿತು. ಮೇಲೆ ಕೂತಿದ್ದ ಹೆಂಗಸು ನಕ್ಕು, ಅದು ಯಾವ ಭಾಷೆ ಅಂತ ಕೇಳಿದರು. ಕನ್ನಡ ಅಂದೆ. ಅದು ರಾಜ ಅಲ್ಲ, ಹೆಣ್ಣು ಕುದುರೆ ಅಂದರು.

ಹಾದಿಗಾಗಿ ನಡೆಯುವವರಿಗೂ ಸೈಕಲ್‌ನವರಿಗೂ ಇರುವ ಈ ಜಗಳ ಹಳೆಯದು. ಗೋಲ್ಡನ್ ಗೇಟ್ ಸೇತುವೆಯ ಆ ಕಡೆ ಮರೀನ್ ಕೌಂಟಿಯಲ್ಲಿ, 1976ರ ಅಕ್ಟೋಬರ್ 21ರಂದು ಕೆಲವು ಹುಡುಗರು ಹಳೇ ದಪ್ಪ ಚಕ್ರದ ಸೈಕಲ್‌ಗಳಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಮಣ್ಣುದಾರಿಯೊಂದರಲ್ಲಿ ಇಳಿಯುವ ಪಂದ್ಯ ನಡೆಸಿದರು. ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುವ ಸೈಕಲ್‌ಗಳು. ಕೆಳಗೆ ಬರುವಷ್ಟರಲ್ಲಿ ಗ್ರೀಸ್ ಸುಟ್ಟು ಹೊಗೆಯಾಡುತ್ತಿತ್ತು, ಮತ್ತೆ ತುಂಬಬೇಕಿತ್ತು. ಅದಕ್ಕೇ ಆ ದಾರಿಗೆ ರೀಪ್ಯಾಕ್ ಅಂತ ಹೆಸರು. ಮೌಂಟನ್ ಬೈಕ್ ಬೆಳೆದದ್ದು ಅಲ್ಲಿಂದಲೇ. ತಮಾಷೆ ಅಂದರೆ, ಪಕ್ಕದ ಟ್ಯಾಮಲ್‌ಪೈಸ್ ಬೆಟ್ಟದಲ್ಲಿ ಇವತ್ತಿಗೂ ಸೈಕಲ್‌ಗೆ ಹೆಚ್ಚಾಗಿ ಅಗಲ ದಾರಿಗಳಷ್ಟೇ. ಸಣ್ಣ ಕಾಲುದಾರಿಗಳಲ್ಲಿ ಹೆಚ್ಚಿನವು ನಡೆಯುವವರದ್ದು. ಮೊದಲ ಸಲ ಹೋದಾಗ ಅನ್ಯಾಯ ಅನ್ನಿಸಿತ್ತು. ಈಗ ಅಷ್ಟು ಅನ್ನಿಸುವುದಿಲ್ಲ. ಎಲ್ಲವನ್ನೂ ಎಲ್ಲರೂ ಹಂಚಿಕೊಳ್ಳಲೇಬೇಕು ಅಂತೇನಿಲ್ಲ. ಅಪ್ಪ ಅಮ್ಮ ಆಮೇಲೆ ರಾಂಚೋ ಸ್ಯಾನ್ ಆಂಟೋನಿಯೋ ಕಡೆಗೇ ವಾಕಿಂಗ್ ಹೋಗತೊಡಗಿದರು. ಅಲ್ಲಿ ಹೆಚ್ಚಿನ ಹಾದಿಗಳಿಗೆ ಸೈಕಲ್ ಬರುವ ಹಾಗಿಲ್ಲ. ಹಿಂದೆ ತಿರುಗಿ ನೋಡದೆ ನಡೆಯಬಹುದು ಅಂತ ಅಮ್ಮ ಹೇಳಿದ್ದು ನೆನಪಿದೆ.

ದಿನ ಹಂಚಿಕೊಳ್ಳುವ ಜಾಗವೂ ಇದೆ. ಟಾಹೋ ಸರೋವರದ ಸುತ್ತ ಹೋಗುವ ಟಾಹೋ ರಿಮ್ ಟ್ರೇಲ್‌ನ ಒಂದು ಭಾಗದಲ್ಲಿ ತಾರೀಖು ಸಮಸಂಖ್ಯೆ ಆಗಿದ್ದರೆ ಮಾತ್ರ ಸೈಕಲ್. ನಾವು ನಾಲ್ವರು ಒಂದು ಬೇಸಿಗೆಯಲ್ಲಿ ಹೋಗಿದ್ದೆವು. ಜೊತೆಗಿದ್ದ ಜಯನಗರದ ಹುಡುಗ ಬೋರ್ಡ್ ನೋಡಿ, "ಓ, ಆಲ್ಟರ್ನೇಟ್ ಡೇ ಪಾರ್ಕಿಂಗ್" ಅಂದ. ಅವತ್ತು ಎದುರಿಗೆ ಸಿಕ್ಕ ನಡೆಯುವವರು ಯಾರೂ ಮುಖ ಗಂಟಿಕ್ಕಲಿಲ್ಲ. ಸೈಕಲ್ ಬರುತ್ತದೆ ಅಂತ ಗೊತ್ತಿದ್ದೇ ಬಂದಿದ್ದರು. ನನ್ನನ್ನು ಕೇಳಿದರೆ ಜನಸಂದಣಿ ಇರುವ ಗುಡ್ಡಗಳಲ್ಲೆಲ್ಲ ಇದನ್ನು ತರಬೇಕು.

ಗುಂಪಿನಲ್ಲಿ ಹೋಗುವಾಗ ಒಂದು ಅಪಾಯವಿದೆ. ಮೊದಲನೆಯವನು ದಾಟಿದ ಕೂಡಲೇ ನಡೆಯುವವರು ಮತ್ತೆ ದಾರಿಯ ನಡುವೆ ಬರುತ್ತಾರೆ. ಎರಡನೆಯವನು ಅಲ್ಲಿರುತ್ತಾನೆ. ಹಾಗಾಗಿ ಮುಂದಿನವನು 'ಹಿಂದೆ ಇನ್ನೂ ಮೂರು ಜನ' ಅಂತ ಹೇಳಬೇಕು, ಕೊನೆಯವನು 'ನಾನೇ ಕೊನೆ' ಅನ್ನಬೇಕು. ಹತ್ತುವವರು ಎದುರಾದರೆ ಇಳಿಯುವವರೇ ನಿಲ್ಲುವುದು. ಹತ್ತುತ್ತಾ ಉಸಿರು ಕಟ್ಟಿದವರಿಗೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಮಳೆ ಬಂದ ಮೇಲೆ ಕೆಲವು ಸಣ್ಣ ಹಾದಿಗಳನ್ನು ಸೈಕಲ್‌ಗೂ ಕುದುರೆಗೂ ಮುಚ್ಚುತ್ತಾರೆ. ಗೇಟ್ ಹಾರಿಸಿ ಹೋಗುವವರನ್ನು ನೋಡಿದ್ದೇನೆ. ಒದ್ದೆ ಮಣ್ಣಿನಲ್ಲಿ ಬಿದ್ದ ಚಕ್ರದ ಗೀರು ಬೇಸಿಗೆಯಲ್ಲಿ ಗಟ್ಟಿಯಾಗಿ, ನಡೆಯುವವರ ಕಾಲು ಉಳುಕಿಸುತ್ತದೆ.

ಕಳೆದ ವರ್ಷದಿಂದ ಹಾದಿ ರಿಪೇರಿಗೆ ಸ್ವಯಂಸೇವಕನಾಗಿ ಹೋಗುತ್ತಿದ್ದೇನೆ. ಮೆಕ್‌ಲೌಡ್ ಅನ್ನುವ ಉಪಕರಣ ಕೊಡುತ್ತಾರೆ. ಒಂದು ಕಡೆ ಗುದ್ದಲಿ, ಇನ್ನೊಂದು ಕಡೆ ಹಲ್ಲಿನ ಕುಂಟೆ. ತಿರುವಿನ ಒಳಬದಿಯ ಪೊದೆ ಸವರುವುದೇ ಅಲ್ಲಿ ನನಗೆ ಇಷ್ಟದ ಕೆಲಸ. ಎರಡು ಗಂಟೆ ಸವರಿದರೆ 11 ಹೆಜ್ಜೆ ಕಾಣುತ್ತಿದ್ದ ಜಾಗದಲ್ಲಿ 25, 30 ಹೆಜ್ಜೆ ಕಾಣುತ್ತದೆ. ಅಲ್ಲಿ ಜೊತೆಯಾಗುವವರಲ್ಲಿ ಜಾಸ್ತಿ ವಯಸ್ಸಾದ ನಡಿಗೆಯವರೇ. ಒಬ್ಬರು ಹೆಂಗಸು, ಸೈಕಲ್‌ನವರ ಮೇಲೆ ಭಾರೀ ಸಿಟ್ಟು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವರಿಗೆ ಕೋಡುಬಳೆ ಕೊಟ್ಟೆ. ನಾನೂ ಸೈಕಲ್‌ನವನು ಅಂತ ಗೊತ್ತಾಗಿದ್ದು ಆಮೇಲೆ. ಕೋಡುಬಳೆ ವಾಪಸ್ ಕೊಡಲಿಲ್ಲ, ಸಿಟ್ಟನ್ನೂ ಪೂರ್ತಿ ಬಿಡಲಿಲ್ಲ. ಆದರೆ ನನ್ನ ಗಂಟೆಯ ಸದ್ದು ಪರವಾಗಿಲ್ಲ ಅಂದರು.

ಅಪ್ಪ ಈ ಏಪ್ರಿಲ್‌ನಲ್ಲಿ ಮತ್ತೆ ಬಂದಿದ್ದರು. ಫ್ರೀಮಾಂಟ್ ಓಲ್ಡರ್‌ಗೇ ಹೋಗೋಣ ಅಂತ ಅವರೇ ಹೇಳಿದರು. ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬ, ಚಮಚ ಇಟ್ಟು, ಸೈಕಲ್ ಎಡಗಡೆಯಿಂದ ಬಂದರೆ ನಾವು ಬಲಕ್ಕೆ ಅಂತ ಎಲ್ಲ ವಿವರಿಸಿದ್ದೆ. ಅಪ್ಪ ತಲೆಯಾಡಿಸಿದ್ದರು.

ಬೆಳಗ್ಗೆ ಅದೇ ತಿರುವಿನ ಹತ್ತಿರ ಹಿಂದೆ ಬೆಲ್ ಸದ್ದಾಯಿತು. ಅಪ್ಪ ಎಡಕ್ಕೆ ಸರಿದರು. ಈ ಸಲ ಪೊದೆ ಇರಲಿಲ್ಲ, ಬಂದ ಹುಡುಗಿಗೆ ದೂರದಿಂದಲೇ ಅಪ್ಪ ಕಂಡಿದ್ದರು. ನಡಿಗೆಯ ವೇಗಕ್ಕೆ ಇಳಿದು, ಬಲಗಡೆಯಿಂದ ದಾಟಿ, ಗುಡ್ ಮಾರ್ನಿಂಗ್ ಹೇಳಿ ಹೋದಳು.

"ನೋಡಿದ್ಯಾ, ಸರಿಯಾಗೇ ನಿಂತೆ" ಅಂದರು ಅಪ್ಪ.