ನೋಟಿಸಿಗೆ ಟೇಪು ಹಿಡಿದು ಕೊಟ್ಟ ಉತ್ತರ

ಮೊದಲ ಮಹಡಿಗೆ ಸೆಂಟ್ರಿಂಗ್ ಹಲಗೆ ಕಟ್ಟಿ ಮುಗಿದು, ನಾಳೆ ಕಾಂಕ್ರೀಟಿನ ಮೋಲ್ಡ್ ಹಾಕಬೇಕು ಅನ್ನುವಾಗ ಪಾಲಿಕೆಯವರು ಗೇಟಿಗೆ ನೋಟಿಸ್ ಅಂಟಿಸಿ ಹೋದರು. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ 1976, ಕಲಂ 321(1) ಮತ್ತು (2). ಮಂಜೂರಾದ ನಕ್ಷೆ ಮೀರಿ ಎರಡೂ ಪಕ್ಕದಲ್ಲಿ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ, ಒತ್ತಿದ್ದೀರಿ, ಯಾಕೆ ಒಡೆಯಬಾರದು ಎಂದು ಏಳು ದಿನದಲ್ಲಿ ತಿಳಿಸಿ ಅಂತ. ನಮ್ಮದು 30–40ರ ಸೈಟು, ಸಾಲದ ಕಂತು ಆಗಲೇ ಶುರುವಾಗಿತ್ತು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

"ಎಲ್ರೂ ಹಿಂಗೇ ಕಟ್ಟೋದು ಸಾರ್, ಬೆಳಗ್ಗೆನೇ ಮೋಲ್ಡ್ ಹಾಕ್ಬಿಡೋಣ" ಅಂದರು ಮೇಸ್ತ್ರಿ. ನಾನು ಕೆಲಸ ನಿಲ್ಲಿಸಿದೆ. 321(1) ತಾತ್ಕಾಲಿಕ ಆದೇಶ ಮಾತ್ರ. ನಮ್ಮ ಉತ್ತರ ಒಪ್ಪಿಗೆಯಾಗದಿದ್ದರೆ 321(3)ರಲ್ಲಿ ಅದನ್ನು ಖಾಯಂ ಮಾಡುತ್ತಾರೆ, ಬೇಕಾದರೆ ತಿದ್ದಿಯೂ ಮಾಡಬಹುದು. ಅಂದರೆ ನಮಗೆ ಹೇಳಿಕೊಳ್ಳಲು ಇನ್ನೂ ಅವಕಾಶವಿತ್ತು. ನೋಟಿಸನ್ನು ಬೀರುವಿಗೆ ಸೇರಿಸಿ ಸುಮ್ಮನಿದ್ದು, ಆಮೇಲೆ ಪರದಾಡಿದವರನ್ನು ನಮ್ಮ ಬಡಾವಣೆಯಲ್ಲೇ ಕಂಡಿದ್ದೇನೆ.

ಮರುದಿನ ಎಂಜಿನಿಯರ್ ಕರೆಸಿ ಟೇಪು ಹಿಡಿಸಿದೆ. ಬಲಗಡೆ ತಪ್ಪು ನಮ್ಮದೇ. ನಕ್ಷೆಯಲ್ಲಿ ಒಳಗಿದ್ದ ಮೆಟ್ಟಿಲನ್ನು, ಹಾಲ್ ದೊಡ್ಡದಾಗಲಿ ಎಂದು ಹೊರಗೆ ತಂದಿದ್ದೆವು. ಎಡಗಡೆಯದು ಬೇರೆಯೇ ಕಥೆ. ಕ್ರಯಪತ್ರದ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿಯ ವಿವರ), ಬಡಾವಣೆಯ ನಕ್ಷೆ ಎರಡನ್ನೂ ಇಟ್ಟುಕೊಂಡು ಸರ್ವೇಯರ್ ಗೂಟ ಹೊಡೆದಾಗ, ಪಕ್ಕದ ಮನೆಯ ಕಾಂಪೌಂಡ್ 9 ಇಂಚು ನಮ್ಮ ಸೈಟಿನೊಳಗೆ ಇರುವುದು ಗೊತ್ತಾಯಿತು. ಸೆಟ್‌ಬ್ಯಾಕ್ ಲೆಕ್ಕ ಸೈಟಿನ ಗಡಿಯಿಂದ. ಯಾರೋ ಎಂದೋ ಕಟ್ಟಿದ ಗೋಡೆಯಿಂದಲ್ಲ.

ಬಲಗಡೆಯದನ್ನು ಒಪ್ಪಿಕೊಂಡು, ಎಡಗಡೆಯದನ್ನು ಒಪ್ಪದೆ, ಸರ್ವೇ ನಕ್ಷೆ ಮತ್ತು ಫೋಟೋ ಲಗತ್ತಿಸಿ ಆರನೆಯ ದಿನ ಉತ್ತರ ಕೊಟ್ಟೆ. "ಬಾಯಲ್ಲಿ ಹೇಳಿದ್ರೆ ಸಾಕಿತ್ತು ಸರ್" ಅಂದರು ಪಾಲಿಕೆ ಕಚೇರಿಯಲ್ಲಿದ್ದವರು. ನಾನು ಟಪಾಲು ವಿಭಾಗದಲ್ಲೇ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೆ.

ಆಮೇಲೆ ಎರಡು ತಿಂಗಳು ಸದ್ದಿಲ್ಲ. ಹೋದಾಗಲೆಲ್ಲ ಸಾಹೇಬರು ಸೈಟ್ ಮೇಲೆ, ಇಲ್ಲವೇ ಮೀಟಿಂಗಿನಲ್ಲಿ. ಕಟ್ಟಿದ ಸೆಂಟ್ರಿಂಗಿಗೆ ಬಾಡಿಗೆ ಏರುತ್ತಲೇ ಇತ್ತು, ಕಂಬಿ ಮಳೆಯಲ್ಲಿ ತುಕ್ಕು ಹಿಡಿಯುತ್ತಿತ್ತು. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಗೋಳು ತೋಡಿಕೊಳ್ಳದೆ ತಪಾಸಣಾ ವರದಿ, ಅಳತೆಯ ಸ್ಕೆಚ್, ಕಡತದ ಟಿಪ್ಪಣಿ ಹಾಳೆಗಳ ನಕಲನ್ನಷ್ಟೇ ಕೇಳಿದೆ. 30 ದಿನದೊಳಗೆ ಬಂತು. ಸ್ಕೆಚ್‌ನಲ್ಲಿ ಎಡಗಡೆಯ ಅಳತೆಯ ಪಕ್ಕ ಅವರ ಕೈಬರಹದಲ್ಲೇ ಇತ್ತು: "ಕಾಂಪೌಂಡ್ ಗೋಡೆಯಿಂದ."

ಆ ಹಾಳೆ ಹಿಡಿದು ಜಂಟಿ ಅಳತೆಗೆ ಬರೆದುಕೊಟ್ಟೆ. ಅಧಿಕಾರಿ, ಸರ್ವೇಯರ್ ಇಬ್ಬರೂ ಬಂದರು. ಎಡಗಡೆಯ ಆಕ್ಷೇಪಣೆ ಬಿಟ್ಟುಹೋಯಿತು. ಮೆಟ್ಟಿಲನ್ನು ನಾವೇ ಒಡೆಸಿ ಒಳಗೆ ಕಟ್ಟಿಸಿದೆವು. ಹಾಲ್ ಚಿಕ್ಕದಾಗಿದೆ.

ಪಕ್ಕದ ಮನೆಯ ಅಜ್ಜಿ, "ಗೋಡೆ ಒಡೀಬೇಡಪ್ಪ" ಅಂತ ಕೈ ಹಿಡಿದುಕೊಂಡರು. ಒಡೆಯಲಿಲ್ಲ. ಗಡಿ ಎಲ್ಲಿದೆ ಎಂದು ಇಬ್ಬರೂ ಸಹಿ ಹಾಕಿದ ಪತ್ರ, ಸರ್ವೇ ನಕ್ಷೆಯ ಜೊತೆ, ಈಗ ಕ್ರಯಪತ್ರದ ಕವರಿನಲ್ಲಿದೆ.