ಕಾರಿಗಿಂತ ಮೊದಲು ಪ್ಲಗ್ ಪಾಯಿಂಟ್ ನೋಡಿ

ನಮ್ಮ ಮನೆ ಮೈಸೂರಿನಲ್ಲಿ, ಕೆಲಸ ಮಂಡ್ಯದಲ್ಲಿ. ಹೋಗಿ ಬಂದರೆ ದಿನಕ್ಕೆ ಸುಮಾರು 90 ಕಿ.ಮೀ. ಪೆಟ್ರೋಲ್ ಕಾರಿಗೆ ತಿಂಗಳಿಗೆ ಹದಿನೈದು ಸಾವಿರ ಸುರಿದು ಸಾಕಾಗಿ, 2022ರಲ್ಲಿ ಎಲೆಕ್ಟ್ರಿಕ್ ಕಾರು ತೆಗೆದುಕೊಂಡೆ. 30 ಯೂನಿಟ್ ಬ್ಯಾಟರಿಯ ಗಾಡಿ. ಈಗ 90,000 ಕಿ.ಮೀ. ದಾಟಿದೆ. ಯಾವ ಮಾಡೆಲ್ ತಗೊಳ್ಳಲಿ ಅಂತ ಯಾರೇ ಕೇಳಿದರೂ ನಾನು ಮೊದಲು ಕೇಳೋದು ಒಂದೇ: ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತೆ, ಅಲ್ಲಿ ಕರೆಂಟ್ ಇದೆಯಾ?

ನಾನು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಪೋರ್ಟಿಕೋದಲ್ಲಿ 15 ಆ್ಯಂಪ್ ಸಾಕೆಟ್ ಇತ್ತು, ಅದೇ ಸಾಕು ಅಂದುಕೊಂಡೆ. ಎರಡನೇ ವಾರ ಬೆಳಿಗ್ಗೆ ಪ್ಲಗ್ ಕೀಳಲು ಹೋದರೆ ಕೈಗೆ ಸುಡುವಷ್ಟು ಬಿಸಿ. ಸಾಕೆಟ್‌ನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿ ನೋಡಿ, "ಸರ್, ಈ ವೈರು ಗೀಸರ್‌ಗೇ ಸಾಲಲ್ಲ. ಗೀಸರ್ ಅರ್ಧ ಗಂಟೆ ಓಡುತ್ತೆ, ನಿಮ್ಮ ಕಾರು ಒಂಬತ್ತು ಗಂಟೆ ಎಳೆಯುತ್ತೆ" ಅಂದರು. ಅವರ ಮಾತು ಸರಿ. 3.3 ಕಿಲೋವ್ಯಾಟ್ ರಾತ್ರಿಯಿಡೀ ಹರಿಯುವಾಗ ಸಡಿಲವಾದ ಒಂದು ಸ್ಕ್ರೂ ಸಾಕು, ಬೆಂಕಿ ಹತ್ತಲು. ಮೀಟರ್ ಬೋರ್ಡಿನಿಂದಲೇ 4 ಸ್ಕ್ವೇರ್ ಎಂಎಂ ತಾಮ್ರದ ವೈರನ್ನು ಬೇರೆಯಾಗಿ ಎಳೆಸಿದೆ. ಅದಕ್ಕೇ ಅಂತ ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದೆ. ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಸೆಸ್ಕ್‌ನ ಕಚೇರಿಗೆ ಅರ್ಜಿ ಕೊಟ್ಟು ಮಂಜೂರಾದ ಲೋಡ್ ಏರಿಸಿಕೊಂಡೆ.

ಅರ್ಥಿಂಗ್ ವಿಷಯ ಇನ್ನೊಂದು. ಏಪ್ರಿಲ್‌ನಲ್ಲಿ ಒಂದು ರಾತ್ರಿ ಚಾರ್ಜರ್ ಪೆಟ್ಟಿಗೆಯಲ್ಲಿ ಕೆಂಪು ದೀಪ. ಎಷ್ಟು ಸಲ ಹಾಕಿ ತೆಗೆದರೂ ಅದೇ. ನೋಡಿದರೆ ಅರ್ಥ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಎರಡು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟು ಹಾಕಿದೆ, ಹಸಿರು ದೀಪ ಬಂತು. ಆಮೇಲೆ ಇದ್ದಿಲು, ಉಪ್ಪು ಹಾಕಿಸಿ ಗುಂಡಿ ಹೊಸದಾಗಿ ಮಾಡಿಸಿದೆ. ಬೇಸಿಗೆಯಲ್ಲಿ ಗಿಡಕ್ಕೆ ನೀರು ಹಾಕುವಾಗ ಅದಕ್ಕೂ ಒಂದು ಬಕೆಟ್.

ಖರ್ಚಿನ ಲೆಕ್ಕ ಹಾಕುವಾಗ ಗೃಹಜ್ಯೋತಿ ಮರೀಬೇಡಿ. ನನ್ನ ಕಾರು ತಿಂಗಳಿಗೆ ಸುಮಾರು 330 ಯೂನಿಟ್ ಕುಡಿಯುತ್ತೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಅಂದರೆ ಇಷ್ಟು ದಿನ ಸೊನ್ನೆ ಬರುತ್ತಿದ್ದ ಮನೆಯ ಬಿಲ್ಲೂ ಕಾರಿನ ಖರ್ಚಿಗೆ ಸೇರುತ್ತೆ. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ ಎರಡೂ ಸೇರಿ ಮೂರು ಸಾವಿರದ ಆಸುಪಾಸು. ಹದಿನೈದು ಸಾವಿರದ ಮುಂದೆ ಅದು ಏನೂ ಅಲ್ಲ. ಆದರೆ ತಿಂಗಳಿಗೆ 500 ಕಿ.ಮೀ. ಕೂಡ ಓಡಿಸದವರು ಕೂತು ಲೆಕ್ಕ ಹಾಕಲೇಬೇಕು. ಅಂಥವರಿಗೆ ಕೊಳ್ಳುವಾಗ ಕೊಟ್ಟ ಜಾಸ್ತಿ ಹಣ ವಾಪಸ್ ಬರೋಕೆ ವರ್ಷಗಟ್ಟಲೆ ಬೇಕು.

ರೇಂಜ್, ಅಂದರೆ ಒಂದು ಫುಲ್ ಚಾರ್ಜ್‌ಗೆ ಓಡುವ ದೂರದ ಬಗ್ಗೆ: ಕಾಗದದಲ್ಲಿ ಮುನ್ನೂರು ಕಿ.ಮೀ.ಗೂ ಮೇಲೆ ಇತ್ತು, ನನಗೆ ಹೊಸದರಲ್ಲಿ ಸಿಕ್ಕಿದ್ದು 210. ಈಗ 190. ಹೈವೇಯಲ್ಲಿ 100ರ ಬದಲು 80ರಲ್ಲಿ ಹೋದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಎಸಿ ಅಷ್ಟು ತಿನ್ನಲ್ಲ, ವೇಗ ತಿನ್ನುತ್ತೆ.

ನನಗೆ ನಿಜವಾಗಿ ಪಾಠ ಕಲಿಸಿದ್ದು ಮಂಗಳೂರಿನ ದಾರಿ. ಮಾವನ ಮನೆ ಅಲ್ಲಿ. ಬೆಳಿಗ್ಗೆ 100 ಪರ್ಸೆಂಟ್‌ನಲ್ಲಿ ಹೊರಟರೆ ಮಡಿಕೇರಿ ಹೊತ್ತಿಗೆ 36. ಅಲ್ಲಿ ತಿಂಡಿ, ಗಾಡಿಗೂ ಚಾರ್ಜ್. 80ಕ್ಕೆ ನಿಲ್ಲಿಸುತ್ತೇನೆ. ಒಂದು, 80 ದಾಟಿದ ಮೇಲೆ ಫಾಸ್ಟ್ ಚಾರ್ಜರ್ ಕೂಡ ಆಮೆ ಆಗುತ್ತೆ. ಎರಡು, ಮುಂದೆ ಇಳಿಜಾರು. ಬ್ಯಾಟರಿ ತುಂಬಿದ್ದರೆ ಇಳಿಯುವಾಗ ಮೋಟರ್ ತಿರುಗಿ ವಾಪಸ್ ಬರುವ ಕರೆಂಟ್‌ಗೆ ಜಾಗ ಇರಲ್ಲ, ಗಾಡಿಯನ್ನು ಮೋಟರ್ ಹಿಡಿಯುವ ಹಿಡಿತವೂ ಕಡಿಮೆ ಆಗುತ್ತೆ, ಪೂರ್ತಿ ಭಾರ ಬ್ರೇಕ್ ಮೇಲೆ. 80ರಲ್ಲಿ ಇಳಿಯಲು ಶುರು ಮಾಡಿದರೆ ಘಾಟಿಯ ಕೆಳಗಿನ ಸಂಪಾಜೆಯಲ್ಲಿ 82 ಇರುತ್ತೆ. ಇಪ್ಪತ್ತೈದು ಕಿಲೋಮೀಟರ್ ಓಡಿ ಎರಡು ಪರ್ಸೆಂಟ್ ಲಾಭ! ಇಂದಿಗೂ ಆ ಅಂಕಿ ನೋಡಿದರೆ ಖುಷಿ ಆಗುತ್ತೆ.

ವಾಪಸ್ ಬರುವಾಗ ಅದೇ ಘಾಟಿ ಸಾಲ ವಸೂಲಿ ಮಾಡುತ್ತೆ. ಮೊದಲ ಸಲ ಮಂಗಳೂರಿನಿಂದ 100ರಲ್ಲಿ ಹೊರಟವನು ಮಡಿಕೇರಿ ತಲುಪಿದಾಗ ಉಳಿದಿದ್ದು 13. ಮಳೆ ಬೇರೆ. ಆ್ಯಪ್ ತೋರಿಸಿದ ಚಾರ್ಜರ್ ಕೆಟ್ಟು ನಿಂತಿತ್ತು. ಎರಡು ಕಿ.ಮೀ. ಆಚೆ ಇನ್ನೊಂದು ಸಿಕ್ಕಿತು, ಆದರೆ ಹಿಂದಿನ ಸೀಟಿನಲ್ಲಿ ಮಗು ಮಲಗಿದ್ದಾಗ ಆ ಎರಡು ಕಿ.ಮೀ. ಎಷ್ಟು ಉದ್ದ ಅಂತ ನನಗೆ ಗೊತ್ತು. ಈಗ ಪುತ್ತೂರಿನಲ್ಲೇ ಸ್ವಲ್ಪ ಹಾಕಿಸಿಕೊಳ್ಳುತ್ತೇನೆ. ಹೊರಡುವ ಮುಂಚೆ, ಆ ದಿನ ಬೆಳಿಗ್ಗೆ ಯಾರಾದರೂ ಅಲ್ಲಿ ಚಾರ್ಜ್ ಮಾಡಿದ್ದಾರಾ ಅಂತಲೂ ನೋಡುತ್ತೇನೆ.

ಸರ್ವಿಸ್ ಖರ್ಚು ಕಡಿಮೆ. ಬ್ರೇಕ್ ಪ್ಯಾಡ್ ಇನ್ನೂ ಮೊದಲಿನದ್ದೇ. ಟೈರ್ ಮಾತ್ರ 38,000ಕ್ಕೇ ಸವೆದವು, ಗಾಡಿ ಭಾರ ಅಲ್ವಾ. ಒಂದು ಬೆಳಿಗ್ಗೆ 70 ಪರ್ಸೆಂಟ್ ಚಾರ್ಜ್ ಇದ್ದೂ ಕಾರು ಏಳಲೇ ಇಲ್ಲ. ಹೋಗಿದ್ದು ಲೈಟು, ಲಾಕು, ಕಂಪ್ಯೂಟರ್ ಎಬ್ಬಿಸುವ ಒಳಗಿನ ಸಣ್ಣ 12 ವೋಲ್ಟ್ ಬ್ಯಾಟರಿ.

ಹೋದ ತಿಂಗಳು ಗೆಳೆಯನೊಬ್ಬ ಬುಕ್ ಮಾಡಲು ಹೊರಟಿದ್ದ. ಬಾಡಿಗೆ ಮನೆ. "ಮಾಲೀಕರನ್ನ ಕೇಳಿದ್ಯಾ?" ಅಂದೆ. ಕೇಳಿರಲಿಲ್ಲ. ಹೋಗಿ ಮಾತಾಡಿ, ಬೇರೆ ಮೀಟರ್‌ಗೆ ಒಪ್ಪಿಸಿ, ವೈರು ಎಳೆಸಿದ ಮೇಲೆಯೇ ಮುಂಗಡ ಕೊಟ್ಟ. ಕಾರು ಬಂದ ದಿನ ರಾತ್ರಿ ನಾನೂ ಹೋಗಿದ್ದೆ. ಒಂದು ಗಂಟೆ ಚಾರ್ಜ್ ಆದ ಮೇಲೆ ಇಬ್ಬರೂ ಪ್ಲಗ್ ಮುಟ್ಟಿ ನೋಡಿದೆವು. ತಣ್ಣಗಿತ್ತು.